ನವಿಲು, ನಾಯಿ, ಎತ್ತು: ಆದಿಚುಂಚನಗಿರಿ ಸೀಮೆಯಲ್ಲಿ ಪ್ರಾಣಿದಯೆಯ ನೆಲೆಗಳು

೧. ಪ್ರವೇಶ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿರುವ ಆದಿಚುಂಚನಗಿರಿಯು ಕರ್ನಾಟಕದ ನಾಥಪಂಥದ ಪ್ರಮುಖ ನೆಲೆಗಳಲ್ಲಿ ಒಂದು. ಗಂಗಾಧರೇಶ್ವರನು ಇಲ್ಲಿಯ ಅಧಿದೈವ, ಕಾಲಭೈರವನು ಕ್ಷೇತ್ರಪಾಲಕ. ಸುತ್ತಣ ಒಕ್ಕಲಿಗ ಸಮುದಾಯದಲ್ಲಿ ಕಂಡುಬರುವ ಚುಂಚೇಗೌಡ, ಚುಂಚಯ್ಯ, ಭೈರೇಗೌಡ ಮುಂತಾದ ಹೆಸರುಗಳು ಈ ಬೆಟ್ಟಕ್ಕೂ ಒಕ್ಕಲುತನಕ್ಕೂ ಇರುವ ನಂಟನ್ನು ಸೂಚಿಸುತ್ತವೆ. ಭೈರವನ ವಾಹನ ನಾಯಿ. ಬೆಟ್ಟವನ್ನು ಸುತ್ತುವರಿದ ಕುರುಚಲು ಕಾಡು ೧೯೮೧ರಲ್ಲಿ ನವಿಲುಧಾಮವೆಂದು ಘೋಷಿತವಾಯಿತು. ಬೆಟ್ಟಕ್ಕೆ ನಡೆದುಕೊಳ್ಳುವ ಒಕ್ಕಲುಮಕ್ಕಳ ಬದುಕು ಬಹುಕಾಲ ನಿಂತಿದ್ದುದು ಎತ್ತಿನ ಹೆಗಲ ಮೇಲೆ. ಹೀಗೆ ನಾಯಿ, ನವಿಲು, ಎತ್ತು ಎಂಬ ಮೂರು ಪ್ರಾಣಿಗಳು ಒಂದೇ ಕ್ಷೇತ್ರದ ಪರಿಸರದಲ್ಲಿ ಮೂರು ಬೇರೆ ಬೇರೆ ಬಗೆಯ ಸಂಬಂಧಗಳನ್ನು ಪ್ರತಿನಿಧಿಸುತ್ತವೆ.

ಧರ್ಮ ಮತ್ತು ಪ್ರಾಣಿಗಳ ಸಂಬಂಧವನ್ನು ಸಾಮಾನ್ಯವಾಗಿ ಎರಡು ತುದಿಗಳಿಂದ ನೋಡಲಾಗುತ್ತದೆ. ಒಂದು ತುದಿಯಲ್ಲಿ ಅಹಿಂಸೆಯ ತತ್ತ್ವ, ಇನ್ನೊಂದು ತುದಿಯಲ್ಲಿ ಬಲಿಯ ಆಚರಣೆ. ಈ ವಿಂಗಡಣೆಯಲ್ಲಿ ಕೆಲವು ಮತಗಳು ದಯಾಪರವೆಂದೂ ಕೆಲವು ಕ್ರೂರವೆಂದೂ ಎಣಿಕೆಯಾಗುವುದುಂಟು. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಜನಜೀವನವನ್ನು ಗಮನಿಸಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಸಂಕ್ರಾಂತಿಯ ದಿನ ಎತ್ತಿನ ಕಾಲು ತೊಳೆದು ಪೂಜಿಸುವ ಮನೆಯಲ್ಲಿಯೇ ಮಾರಿಹಬ್ಬಕ್ಕೆ ಮರಿ ಕಡಿಯುತ್ತಾರೆ. ಎರಡೂ ಆ ಮನೆಗೆ ಧರ್ಮವೇ ಆಗಿದೆ. ಈ ಸೀಮೆಯಲ್ಲಿ ಪ್ರಾಣಿದಯೆಯು ಎಲ್ಲ ಜೀವಿಗಳಿಗೂ ಸಮವಾಗಿ ಅನ್ವಯಿಸುವ ಸಿದ್ಧಾಂತವಾಗಿ ಬೆಳೆದುದಕ್ಕಿಂತ ಹೆಚ್ಚಾಗಿ, ಗೊತ್ತಾದ ಪ್ರಾಣಿಗೆ, ಗೊತ್ತಾದ ನೆಲದಲ್ಲಿ, ಗೊತ್ತಾದ ದಿನದಲ್ಲಿ ಸಲ್ಲಿಸುವ ಋಣವಾಗಿ ಬೆಳೆದಿದೆ. ಆ ಋಣಕ್ಕೆ ಆಧಾರವಾಗಿದ್ದ ನೆಲ ಎಲ್ಲಿ ಉಳಿಯಿತೋ ಅಲ್ಲಿ ಪ್ರಾಣಿಯೂ ಉಳಿಯಿತು ಎಂಬುದನ್ನು ಶಾಸನ, ಆಚರಣೆ ಹಾಗೂ ಆಡಳಿತ ಚರಿತ್ರೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಶಾಸನಗಳ ಸಾಕ್ಷ್ಯ

ಕನ್ನಡ ನೆಲದಲ್ಲಿ ಪ್ರಾಣಿದಯೆಯ ಮಾತು ಮೊದಲು ಬರವಣಿಗೆಗೆ ಬಂದುದು ಕ್ರಿ.ಪೂ. ೩ನೆಯ ಶತಮಾನದ ಅಶೋಕನ ಶಾಸನಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ತಂದೆತಾಯಿಗಳ ಸೇವೆ ಮತ್ತು ಸತ್ಯವಚನಗಳ ಜೊತೆಗೆ ಜೀವಿಗಳ ವಿಷಯದಲ್ಲಿ ಆದರವಿರಬೇಕೆಂದು ವಿಧಿಸುತ್ತದೆ. ಇದು ಪಾಟಲಿಪುತ್ರದ ಅರಸನು ತನ್ನ ಇಡೀ ರಾಜ್ಯಕ್ಕೆ ಸಾರಿದ ಸಾಮಾನ್ಯ ಧರ್ಮ. ಇಲ್ಲಿ ಯಾವ ಪ್ರಾಣಿಗೂ ಹೆಸರಿಲ್ಲ.

ಇದಕ್ಕೆ ಸುಮಾರು ಹನ್ನೆರಡು ಶತಮಾನಗಳ ತರುವಾಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹುಟ್ಟಿದ ಶಾಸನವು ತೀರ ಭಿನ್ನವಾದುದು. ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯-೫೦ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ತಕ್ಕೋಲದ ಯುದ್ಧದ ಕಾರಣದಿಂದ ರಾಜಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಗಂಗ ಅರಸ ಇಮ್ಮಡಿ ಬೂತುಗನ ಆಳು ಮಣಲೆರನು ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಬಳಿಕ ಬೆಳತೂರಿನ ಬಳಿಯ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಜೊತೆಯಾಗಿ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂಬ ಶಾಪಾಶಯವೂ ಶಾಸನದಲ್ಲಿದೆ. ಈ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಶಾಸನದ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಪ್ರಾಣಿಗೆ ಹೆಸರಿರುವುದು. ಎರಡನೆಯದು, ಗೌರವವು ಬೇಟೆಯ ಸಂದರ್ಭದಲ್ಲಿ ಹುಟ್ಟಿರುವುದು. ಇಲ್ಲಿ ಹಿಂಸೆಯ ನಿರಾಕರಣೆಯಿಲ್ಲ, ಒಡೆಯನಿಗಾಗಿ ಸತ್ತ ಜೀವದ ಋಣದ ಸ್ವೀಕಾರವಿದೆ. ಮೂರನೆಯದು, ಆ ಋಣವನ್ನು ತೀರಿಸಲು ನೆಲವನ್ನು ಬಿಟ್ಟಿರುವುದು. ತುರುಗಳನ್ನು ಮರಳಿಸಲು ಹೋರಾಡಿ ಮಡಿದ ವೀರರಿಗೆ ನೆಟ್ಟ ತುರುಗೋಳ್ ವೀರಗಲ್ಲುಗಳು ಕರ್ನಾಟಕದಾದ್ಯಂತ ದೊರೆಯುತ್ತವೆ. ಅಲ್ಲಿ ಪ್ರಾಣಿಗಾಗಿ ಮನುಷ್ಯ ಸತ್ತಿದ್ದಾನೆ. ಆತಕೂರಿನಲ್ಲಿ ಮನುಷ್ಯನ ಆಜ್ಞೆಗಾಗಿ ಪ್ರಾಣಿ ಸತ್ತಿದೆ. ಎರಡಕ್ಕೂ ಸಂದ ಗೌರವದ ರೂಪ ಒಂದೇ.

೩. ಭೈರವನ ನಾಯಿ

ಆತಕೂರಿನ ಕಲ್ಲಿನ ಪೂಜೆಯ ಹೊಣೆ ಗೊರವನದು ಎಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಮುಖ್ಯವಾಗುತ್ತದೆ. ಶಾಸನಕಾಲದ ಗೊರವನು ಶೈವ ತಪಸ್ವಿ. ಇಂದಿನ ಗೊರವರು ಮೈಲಾರಲಿಂಗನ ಭಕ್ತರು. ಮೈಲಾರನು ಮಾರ್ತಾಂಡಭೈರವನೆಂಬ ನಂಬಿಕೆಯಿದ್ದು, ಗೊರವರು ಆತನ ನಾಯಿಗಳಾಗಿ ಬೊಗಳುತ್ತಾ, ದೋಣಿಯಲ್ಲಿ ಹಾಕಿದ ಹಾಲು ಹಣ್ಣುಗಳನ್ನು ಬಾಯಿಯಿಂದಲೇ ಸ್ವೀಕರಿಸುವ ದೋಣಿಸೇವೆ ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ನಡೆಯುತ್ತದೆ. ಒಬ್ಬ ಮನುಷ್ಯ ದೇವರ ಮುಂದೆ ತನ್ನನ್ನು ನಾಯಿಯ ಸ್ಥಾನದಲ್ಲಿ ಇಟ್ಟುಕೊಳ್ಳುವುದು, ಭಕ್ತರು ಅವನ ಎಂಜಲನ್ನು ಪ್ರಸಾದವೆಂದು ಭಾವಿಸುವುದು, ಮಡಿ ಮೈಲಿಗೆಗಳ ವ್ಯವಸ್ಥೆಯನ್ನು ಆ ಗಳಿಗೆಯ ಮಟ್ಟಿಗೆ ತಲೆಕೆಳಗು ಮಾಡುತ್ತದೆ.

ವೈದಿಕ ಸಂಪ್ರದಾಯದಲ್ಲಿ ನಾಯಿ ಅಶುಚಿಯಾದ ಪ್ರಾಣಿ. ಇಸ್ಲಾಮಿನ ಧರ್ಮಶಾಸ್ತ್ರದ ಹಲವು ಪಂಥಗಳಲ್ಲಿಯೂ ಅದರ ಜೊಲ್ಲು ಅಶುದ್ಧ. ಆದರೆ ಬಾಯಾರಿದ ನಾಯಿಗೆ ನೀರುಣಿಸಿದವರ ಪಾಪ ಕ್ಷಮಿಸಲ್ಪಟ್ಟ ಪ್ರಸಂಗ ಪ್ರವಾದಿಯ ವಚನಸಂಗ್ರಹಗಳಲ್ಲಿದೆ. ಶುಚಿಯ ಲೆಕ್ಕ ಬೇರೆ, ದಯೆಯ ಲೆಕ್ಕ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಭೈರವಾರಾಧನೆ ಈ ಎರಡು ಲೆಕ್ಕಗಳನ್ನೂ ಕೂಡಿಸಿ, ಊರ ಹೊರಗಿನ ಪ್ರಾಣಿಯನ್ನು ಗರ್ಭಗುಡಿಯ ಸಮೀಪಕ್ಕೆ ತಂದಿತು. ಹಾಗೆಂದು ಭೈರವನ ಒಕ್ಕಲಿನ ಊರುಗಳಲ್ಲಿ ಬೀದಿನಾಯಿಗೆ ಕಲ್ಲೇಟು ತಪ್ಪಿತೆಂದು ಹೇಳಲಾಗದು. ಪವಿತ್ರತೆ ವಾಹನಕ್ಕೆ ಸಂದಷ್ಟು ಸಲೀಸಾಗಿ ಬೀದಿಯ ಜೀವಕ್ಕೆ ಸಲ್ಲಲಿಲ್ಲ.

೪. ನವಿಲುಗರಿಯ ಹಾದಿ

ನವಿಲಿನ ವಿಷಯ ಹಾಗಲ್ಲ. ನಾಥಯೋಗಿಯ ಸಾಂಪ್ರದಾಯಿಕ ಪರಿಕರಗಳಲ್ಲಿ ಪ್ರಾಣಿಗಳಿಂದ ದೊರೆತವು ಹಲವು: ಜಿಂಕೆಯ ಕೊಂಬಿನ ಸಿಂಗನಾದ, ಕೂರಲು ಚರ್ಮದ ಆಸನ, ನವಿಲುಗರಿಯ ಕುಂಚ. ಇವುಗಳಲ್ಲಿ ಚರ್ಮವು ಪ್ರಾಣಿಯ ಸಾವನ್ನು ಬೇಡುತ್ತದೆ, ನವಿಲುಗರಿ ಬೇಡುವುದಿಲ್ಲ. ಗಂಡುನವಿಲು ಪ್ರತಿವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ತನ್ನ ಉದ್ದ ಗರಿಗಳನ್ನು ತಾನೇ ಉದುರಿಸುತ್ತದೆ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಜೈನ ಬಸದಿಗಳಿವೆ. ಶ್ರವಣಬೆಳಗೊಳ ಅಲ್ಲಿಂದ ಸಮೀಪ. ದಿಗಂಬರ ಮುನಿಯು ಕೈಯಲ್ಲಿ ಹಿಡಿಯುವ ಪಿಂಛ ಉದುರಿದ ನವಿಲುಗರಿಗಳಿಂದಲೇ ಆದುದು. ಕುಳಿತುಕೊಳ್ಳುವ ಮೊದಲು ನೆಲದ ಮೇಲಿನ ಸೂಕ್ಷ್ಮ ಜೀವಿಗಳಿಗೆ ನೋವಾಗದಂತೆ ಸರಿಸಲು ಅದು ಬಳಕೆಯಾಗುತ್ತದೆ. ಜೋಗಿಯ ಕೈಯ ಕುಂಚ ಭಕ್ತನ ತಲೆ ಸವರಿ ಹರಸುತ್ತದೆ. ದರ್ಗಾಗಳಲ್ಲಿ ಫಕೀರನ ಕೈಯ ಕುಂಚ ಬೇನೆಬೇಸರಿಕೆಗಳನ್ನು ನಿವಾರಿಸುತ್ತದೆಂಬ ನಂಬಿಕೆಯಿದೆ. ಕೃಷ್ಣನ ಮುಡಿಯಲ್ಲಿ ಗರಿ, ಸುಬ್ರಹ್ಮಣ್ಯನಿಗೆ ನವಿಲೇ ವಾಹನ. ಹೀಗೆ ನಾಥ, ಜೈನ, ವೈಷ್ಣವ, ಶೈವ, ಸೂಫಿ ಪರಂಪರೆಗಳು ತತ್ತ್ವದಲ್ಲಿ ಬೇರೆಯಾದರೂ ಒಂದೇ ಹಕ್ಕಿಯ ಉದುರಿದ ಗರಿಯಲ್ಲಿ ಸೇರುತ್ತವೆ. ಬದುಕಿರುವ ನವಿಲಿನಿಂದ ಎಲ್ಲರಿಗೂ ಪ್ರಯೋಜನವಿತ್ತು.

ನವಿಲು ೧೯೬೩ರಲ್ಲಿ ರಾಷ್ಟ್ರಪಕ್ಷಿಯಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ಬೇಟೆಯನ್ನು ನಿಷೇಧಿಸಿತು; ಆದರೆ ಗರಿಯ ದೇಶೀಯ ಬಳಕೆಗೆ ವಿನಾಯಿತಿ ನೀಡಿತು. ಶತಮಾನಗಳ ರೂಢಿಯನ್ನು ಕಾನೂನು ಇಲ್ಲಿ ಗುರುತಿಸಿತೆನ್ನಬಹುದು. ೧೯೮೧ರ ನವಿಲುಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಇಷ್ಟು ಕಿರಿದಾದ ಜಾಗ ಧಾಮವೆನಿಸಿಕೊಳ್ಳಲು ಸಾಧ್ಯವಾದುದು ಬೆಟ್ಟವು ಮೊದಲೇ ಕ್ಷೇತ್ರವಾಗಿದ್ದುದರಿಂದ. ಆದರೆ ನವಿಲಿಗೆ ಧಾಮದ ಎಲ್ಲೆ ತಿಳಿಯದು. ಬೆಟ್ಟದಲ್ಲಿ ಪೂಜ್ಯವಾದ ಹಕ್ಕಿ ಹೊಲಕ್ಕಿಳಿದು ಬಿತ್ತಿದ ಕಾಳನ್ನು ಹೆಕ್ಕಿದಾಗ ನಷ್ಟ ಹೊರುವವನು ಅದೇ ಬೆಟ್ಟದ ಒಕ್ಕಲು. ದಕ್ಷಿಣ ಕರ್ನಾಟಕದ ಒಣಬೇಸಾಯದ ರೈತರಿಂದ ಈ ದೂರು ಪದೇ ಪದೇ ಕೇಳಿಬರುತ್ತಿದೆ. ದಯೆಯ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯನ್ನು ಕಾಯಿದೆಯಷ್ಟೇ ಬಗೆಹರಿಸಲಾರದು.

೫. ಎತ್ತಿನ ಋಣ

ಎತ್ತು ಭೂಮಿಗೆ ಬಂದ ಬಗೆಯನ್ನು ಕುರಿತ ಜನಪದ ಕಥೆಯೊಂದು ಪ್ರಸಿದ್ಧವಾಗಿದೆ. ಮೂರು ಹೊತ್ತು ಮಿಂದು ಒಂದು ಹೊತ್ತು ಉಣ್ಣಿರೆಂದು ಜನರಿಗೆ ತಿಳಿಸಲು ಶಿವನು ಬಸವನನ್ನು ಕಳುಹಿಸುತ್ತಾನೆ. ಬಸವ ಅದನ್ನು ತಿರುವುಮುರುವಾಗಿ, ಮೂರು ಹೊತ್ತು ಉಂಡು ಒಂದು ಹೊತ್ತು ಮೀಯಿರೆಂದು ಸಾರುತ್ತಾನೆ. ಅಷ್ಟು ಅನ್ನವನ್ನು ನೀನೇ ಬೆಳೆದುಕೊಡೆಂದು ಶಿವನು ಅವನನ್ನು ಭೂಮಿಗೆ ಅಟ್ಟುತ್ತಾನೆ. ಈ ಕಥೆಯಲ್ಲಿ ಎತ್ತು ಮನುಷ್ಯನ ಹೊಟ್ಟೆಯ ಪರವಾಗಿ ಮಾತನಾಡಿ ಶಿಕ್ಷೆಗೊಳಗಾದ ಜೀವ. ಆದುದರಿಂದ ಉಳುವವನು ಎತ್ತಿಗೆ ಸದಾ ಋಣಿ.

ಈ ಋಣದ ವಾರ್ಷಿಕ ಸಂದಾಯವೇ ಸಂಕ್ರಾಂತಿ. ಮಂಡ್ಯ ಮೈಸೂರು ಸೀಮೆಯಲ್ಲಿ ಅಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಗೆಜ್ಜೆ ಕಟ್ಟಿ, ಪೊಂಗಲು ತಿನ್ನಿಸುತ್ತಾರೆ. ದುಡಿಮೆಯಿಂದ ಬಿಡುವು ನೀಡುತ್ತಾರೆ. ಸಂಜೆ ಊರ ಬಾಗಿಲಿನಲ್ಲಿ ಹುಲ್ಲು ಹಾಸಿ ಬೆಂಕಿಯಿಟ್ಟು ಅವುಗಳನ್ನು ಕಿಚ್ಚು ಹಾಯಿಸುತ್ತಾರೆ. ಮೈಯ ಉಣ್ಣೆ ಉದುರುತ್ತದೆ, ಚಳಿಗಾಲದ ಜಡ್ಡು ಬಿಡುತ್ತದೆ, ಪೀಡೆ ದೂರವಾಗುತ್ತದೆ ಎಂಬವು ಜನರು ನೀಡುವ ವಿವರಣೆಗಳು. ದನದ ಜೊತೆಗೆ ಅದರ ಒಡೆಯನೂ ಹಗ್ಗ ಹಿಡಿದು ಬೆಂಕಿ ದಾಟುತ್ತಾನೆಂಬುದು ಇಲ್ಲಿ ಮರೆಯಬಾರದ ಸಂಗತಿ. ಆದರೂ ದನ ಬೆಂಕಿಗೆ ಬೆದರುತ್ತದೆ, ಕೆಲವೊಮ್ಮೆ ಸುಟ್ಟುಕೊಳ್ಳುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಪೂಜೆ ಮತ್ತು ಭಯ ಒಂದೇ ಸಂಜೆಯಲ್ಲಿ, ಒಂದೇ ಕೈಗಳಿಂದ ಅದಕ್ಕೆ ದೊರೆಯುತ್ತವೆ.

ಶ್ರೀರಂಗಪಟ್ಟಣದ ಆಡಳಿತ ಚರಿತ್ರೆಯಲ್ಲಿ ಇದೇ ದನಕ್ಕೆ ಬೇರೊಂದು ಸ್ಥಾನವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೩-೧೭೦೪) ಅರಮನೆಯ ಹಸುಗಳ ಪೋಷಣೆಗಾಗಿ ಬೆಣ್ಣೆಚಾವಡಿ ಎಂಬ ಇಲಾಖೆ ಸ್ಥಾಪಿತವಾಗಿ, ರಾಜ್ಯದ ನಾನಾ ಭಾಗಗಳಲ್ಲಿ ಮೇವಿನ ಕಾವಲುಗಳು ಮೀಸಲಾದವು. ಹೈದರನು ಈ ತಳಿಯ ಎತ್ತುಗಳನ್ನು ಸೈನ್ಯದ ಸಾಗಣೆಗೆ ಬಳಸಿದನು. ಟಿಪ್ಪುವು ಇಲಾಖೆಗೆ ಅಮೃತಮಹಲು ಎಂದು ಹೆಸರಿಟ್ಟು, ದನಗಳ ಪಾಲನೆಯ ಬಗೆಗೆ ಹುಕುಂನಾಮೆ ಹೊರಡಿಸಿದನು. ೧೭೯೯ರ ಬಳಿಕವೂ ಇಂಗ್ಲಿಷರು ತಮ್ಮ ಸೈನ್ಯಕ್ಕಾಗಿ ಈ ವ್ಯವಸ್ಥೆಯನ್ನು ಉಳಿಸಿಕೊಂಡರು. ೧೮೬೦ರಲ್ಲಿ ವೆಚ್ಚದ ಕಾರಣ ಹೇಳಿ ಮಂದೆಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಅವುಗಳನ್ನು ಮತ್ತೆ ಕಟ್ಟಬೇಕಾಯಿತು. ಹಿಂದೂ ಅರಸು, ಮುಸ್ಲಿಂ ಸುಲ್ತಾನ, ಕ್ರೈಸ್ತ ಅಧಿಕಾರಿ ಈ ಮೂವರೂ ಒಂದೇ ತಳಿಯನ್ನು ಪೋಷಿಸಿದರು. ಅವರನ್ನು ಕೂಡಿಸಿದುದು ದಯೆಯ ಸಿದ್ಧಾಂತವಲ್ಲ, ಎತ್ತಿನ ನಡಿಗೆಯ ಬಲ. ಆದರೂ ಪರಿಣಾಮದಲ್ಲಿ ದನಗಳಿಗೆ ಲಕ್ಷಾಂತರ ಎಕರೆ ಹುಲ್ಲುಗಾವಲು ದೊರೆಯಿತು.

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ, ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟಗಳ ದನದ ಜಾತ್ರೆಗಳು ಈ ಸಂಸ್ಕೃತಿಯ ಮುಂದುವರಿಕೆ. ಹಳ್ಳಿಕಾರ್ ಹೋರಿಗಳ ಸುಳಿ, ಕೊಂಬು, ಹಲ್ಲುಗಳನ್ನು ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಕೌಶಲ ಅಲ್ಲಿ ಇಂದಿಗೂ ಕಾಣುತ್ತದೆ. ಮೂಗುದಾರ, ಬರೆ, ಬೀಜ ಒಡೆಯುವುದು ಇವೆಲ್ಲ ಇದೇ ಜ್ಞಾನದ ನೋವಿನ ಭಾಗಗಳು. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ ಇವುಗಳನ್ನು ಪೂರ್ತಿಯಾಗಿ ನಿಷೇಧಿಸದೆ, ನಿಗದಿತ ಕ್ರಮದಲ್ಲಿ ಮಾಡಲು ಅವಕಾಶ ನೀಡಿದೆ. ಕಂಬಳ ಹಾಗೂ ಎತ್ತಿನಗಾಡಿ ಓಟಗಳಿಗಾಗಿ ೨೦೧೭ರಲ್ಲಿ ಕರ್ನಾಟಕವು ಈ ಕಾಯಿದೆಗೆ ತಂದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ ೨೦೨೩ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದರಲ್ಲಿ ಕಿಚ್ಚು ಹಾಯಿಸುವ ಆಚರಣೆಯ ಹೆಸರಿಲ್ಲ.

೬. ಬಲಿ, ಬದಲಿ, ಪಂಕ್ತಿ

ಬಲಿಯ ವಿಷಯದಲ್ಲಿ ಕನ್ನಡ ಸಾಹಿತ್ಯದ ಅತ್ಯಂತ ಕಠಿಣವಾದ ಪರೀಕ್ಷೆ ಜನ್ನನ ‘ಯಶೋಧರ ಚರಿತೆ’ಯಲ್ಲಿದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಆಸ್ಥಾನದ ಈ ಕವಿಯು ೧೨೦೯ರಲ್ಲಿ ಬರೆದ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಆತನ ತಾಯಿಯೂ ಆ ಪಾಪಕ್ಕಾಗಿ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂಬುದು ಜೈನ ನಿಲುವು. ಮಾಧ್ವ ಸಂಪ್ರದಾಯವು ಯಜ್ಞದಲ್ಲಿ ಪಿಷ್ಟಪಶುವನ್ನು ಒಪ್ಪಿ ಇದಕ್ಕೆ ವಿರುದ್ಧವಾದ ಉತ್ತರ ನೀಡಿತು. ಜನಪದರು ಬೂದುಗುಂಬಳ, ನಿಂಬೆಹಣ್ಣು, ತೆಂಗಿನಕಾಯಿಗಳನ್ನು ಬದಲಿಯಾಗಿ ಬಳಸುತ್ತಾ ಬಂದರು. ಕೆಲವು ದೈವಗಳಿಗೆ ಮಾತ್ರ ರಕ್ತವೇ ಬೇಕೆಂದು ಉಳಿಸಿಕೊಂಡರು.

೧೯೫೯ರ ಪ್ರಾಣಿಬಲಿ ತಡೆ ಕಾಯಿದೆ ದೇವಾಲಯದ ಆವರಣದಲ್ಲಿ ಬಲಿಯನ್ನು ನಿಷೇಧಿಸಿತು. ಕಾಯಿದೆಗೆ ಬಲಿ ಎಂಬ ಒಂದೇ ಪದ ತಿಳಿದಿದೆ. ಮಂಡ್ಯ ಚಾಮರಾಜನಗರ ಸೀಮೆಯ ಸಿದ್ದಪ್ಪಾಜಿಯ ಒಕ್ಕಲುಗಳಿಗೆ ಪಂಕ್ತಿ ಎಂಬ ಇನ್ನೊಂದು ಪದ ತಿಳಿದಿದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಜಾತಿಭೇದವಿಲ್ಲದೆ ಒಟ್ಟಿಗೆ ಕುಳಿತು ಮಾಂಸದ ಎಡೆ ಉಣ್ಣುವುದು ಪಂಕ್ತಿಸೇವೆ. ಅದು ದೇವರ ಮುಂದೆ ಕೊಲ್ಲುವ ಬಲಿಯಲ್ಲ ಎಂಬುದು ಅವರ ವಾದ. ಇತ್ತೀಚಿನ ವರ್ಷಗಳಲ್ಲಿ ಈ ವಿವಾದ ಪ್ರತಿ ಜಾತ್ರೆಯ ಸಮಯದಲ್ಲಿ ಎದ್ದಿದೆ. ಬಕ್ರೀದಿನ ಕುರ್ಬಾನಿಯಲ್ಲಿಯೂ ಮಾಂಸವನ್ನು ಮನೆ, ಬಂಧುಗಳು, ಬಡವರು ಎಂದು ಮೂರು ಪಾಲು ಮಾಡುವ ರೂಢಿಯಿದೆ. ಕತ್ತಿ ಹರಿತವಾಗಿರಬೇಕು, ಅದು ಪ್ರಾಣಿಗೆ ಕಾಣಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು ಎಂಬ ವಿಧಿಗಳಿವೆ. ಹಂಚಿ ಉಣ್ಣುವುದು ಎರಡೂ ಕಡೆಯ ಸಮಾನ ಮೌಲ್ಯ. ಪ್ರಾಣಿಯ ಪಕ್ಷದಿಂದ ನೋಡಿದರೆ ಬಲಿಗೂ ಪಂಕ್ತಿಗೂ ವ್ಯತ್ಯಾಸವಿಲ್ಲವೆಂಬ ಆಕ್ಷೇಪವೂ ನ್ಯಾಯವಾದುದೇ. ಆದರೆ ಹಬ್ಬದ ಒಂದು ಮರಿಯನ್ನು ಪ್ರಶ್ನಿಸಿ, ದಿನನಿತ್ಯದ ಮಾಂಸದ ವ್ಯಾಪಾರದಲ್ಲಿನ ಸಾಗಣೆಯ ಮತ್ತು ಗೂಡಿನ ನೋವನ್ನು ಮರೆಯುವ ದಯೆ ಅಪೂರ್ಣವಾದುದು.

೭. ನೆಲದ ಪ್ರಶ್ನೆ

ಈ ಸೀಮೆಯಲ್ಲಿ ಪ್ರಾಣಿಗಳು ಉಳಿದಿರುವ ತಾಣಗಳನ್ನು ಒಟ್ಟಾಗಿ ನೋಡಿದರೆ ಒಂದು ಸಾಮ್ಯ ತೋರುತ್ತದೆ. ಮೇಲುಕೋಟೆಯ ಸುತ್ತಣ ಗುಡ್ಡಗಳು ೧೯೭೪ರಲ್ಲಿ ವನ್ಯಜೀವಿಧಾಮವಾದವು; ಕುರಿಗಾಹಿಯ ಶತ್ರುವಾದ ತೋಳ ಅಲ್ಲಿ ರಕ್ಷಣೆ ಪಡೆಯಿತು. ಶ್ರೀರಂಗಪಟ್ಟಣದ ರಂಗನತಿಟ್ಟು ಕಾವೇರಿಯ ಅಣೆಕಟ್ಟೆಯಿಂದಾದ ನಡುಗಡ್ಡೆಗಳ ಸಮೂಹ. ಸಲೀಂ ಅಲಿಯವರ ಸಲಹೆಯ ಮೇರೆಗೆ ೧೯೪೦ರಲ್ಲಿ ಪಕ್ಷಿಧಾಮವಾಯಿತು, ೨೦೨೨ರಲ್ಲಿ ರಾಮ್ಸರ್ ತಾಣವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂಬುದು ಊರವರ ಭಾವನೆ. ಆದರೆ ಆ ಭಾವನೆಯ ಜೊತೆಗೆ ಹುಣಸೆಯ ಫಸಲು ಬಿಟ್ಟುಕೊಡುವ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ನೀಡುವ ಏರ್ಪಾಡೂ ಇದೆ. ದಯೆಯ ವೆಚ್ಚವನ್ನು ಇಲ್ಲಿ ಊರೂ ಸರ್ಕಾರವೂ ಹಂಚಿಕೊಂಡಿವೆ.

ದನದ ಪಾಲಿಗೆ ಇಂಥ ಏರ್ಪಾಡು ಉಳಿಯಲಿಲ್ಲ. ಕನ್ನಂಬಾಡಿ ಕಟ್ಟೆ ಮತ್ತು ವಿಶ್ವೇಶ್ವರಯ್ಯ ನಾಲೆಗಳು ೧೯೩೦ರ ದಶಕದಲ್ಲಿ ಮಂಡ್ಯದ ಬಯಲನ್ನು ಭತ್ತ ಕಬ್ಬುಗಳ ನಾಡಾಗಿಸಿದವು. ೧೯೩೩ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರಲು ಎತ್ತಿನಗಾಡಿ ಬೇಕಾಯಿತು. ಆದರೆ ಎತ್ತು ಮೇಯುತ್ತಿದ್ದ ಬೀಳು ಕರಗಿತು. ಮುಂದೆ ಟ್ರ್ಯಾಕ್ಟರು ಬಂದು ಎತ್ತಿನ ದುಡಿಮೆಯೂ ತಪ್ಪಿತು. ಗೋಮಾಳಗಳು ಸಾಗುವಳಿಗೂ ನಿವೇಶನಗಳಿಗೂ ಹಂಚಿಹೋದವು. ಅಮೃತಮಹಲಿನ ಕಾವಲುಗಳದೂ ಇದೇ ಕಥೆ. ಇತ್ತ ೧೯೬೪ರ ಕಾಯಿದೆ ಹನ್ನೆರಡು ವರ್ಷ ಮೀರಿದ ಎತ್ತಿನ ವಧೆಗೆ ನಿಯಮಬದ್ಧ ಅವಕಾಶ ನೀಡಿತ್ತು. ೨೦೨೦ರ ಕಾಯಿದೆ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನುಳಿದು ಎಲ್ಲ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಮುದಿ ಎತ್ತಿನ ಜೀವ ಕಾನೂನಿನಲ್ಲಿ ಭದ್ರವಾಯಿತು. ಅದು ಮೇಯಬೇಕಾದ ನೆಲದ ಬಗ್ಗೆ ಅಷ್ಟೇ ಕಟ್ಟುನಿಟ್ಟಾದ ವಿಧಿ ರೂಪುಗೊಳ್ಳಲಿಲ್ಲ.

೮. ಸಮಾರೋಪ

ಬ್ರಹ್ಮಗಿರಿಯ ಶಾಸನವೂ ಆತಕೂರಿನ ಕಲ್ಲೂ ಪ್ರಾಣಿದಯೆಯ ಎರಡು ಮಾದರಿಗಳು. ಒಂದು ಎಲ್ಲ ಜೀವಿಗಳಿಗೂ ಅನ್ವಯಿಸುವ ಧರ್ಮಾಜ್ಞೆ. ಇನ್ನೊಂದು ಹೆಸರುಳ್ಳ ಒಂದು ಜೀವಕ್ಕೆ ಬಿಟ್ಟ ಭೂಮಿ. ಆಧುನಿಕ ಕಾಯಿದೆಗಳು ಮೊದಲ ಮಾದರಿಯ ವಾರಸುದಾರರು. ಬೀದಿನಾಯಿ, ಸಾಗಣೆಯ ಕುರಿ, ಗೂಡಿನ ಕೋಳಿ ಮೊದಲಾದ, ಯಾವ ದೈವದ ವಾಹನವೂ ಆಗದ ಜೀವಗಳಿಗೆ ಈ ಸಾಮಾನ್ಯ ವಿಧಿಯೇ ಆಸರೆ. ಅದರ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಜನಪದರ ರೂಢಿ ಎರಡನೆಯ ಮಾದರಿಯದು. ಅದರಲ್ಲಿ ಪಕ್ಷಪಾತವಿದೆ, ನೋವಿನ ಬಗೆಗೆ ಅಲಕ್ಷ್ಯವೂ ಇದೆ. ಆದರೆ ಪ್ರಾಣಿಯ ಹೆಸರು ಹೇಳಿದ ಮೇಲೆ ಅದರ ಪಾಲನ್ನು ತೆಗೆದಿಡಬೇಕೆಂಬ ವಿವೇಕ ಅದರಲ್ಲಿತ್ತು. ಆದಿಚುಂಚನಗಿರಿಯ ನವಿಲಿಗೆ ಒಂದು ಚದರ ಕಿಲೋಮೀಟರಿಗೂ ಕಿರಿದಾದ ಬೆಟ್ಟ ಉಳಿದಿದೆ. ಅದೇ ಬೆಟ್ಟದ ಒಕ್ಕಲು ಸಂಕ್ರಾಂತಿಯಂದು ಪೂಜಿಸುವ ಎತ್ತಿಗೆ ಮರುದಿನ ಮೇಯಲು ಗೋಮಾಳವಿಲ್ಲ. ಈ ಸೀಮೆಯ ಪ್ರಾಣಿದಯೆಯ ಮುಂದಿನ ಅಧ್ಯಯನವು ಪುರಾಣ ಮತ್ತು ಆಚರಣೆಗಳ ಜೊತೆಗೆ ಗ್ರಾಮಗಳ ಗೋಮಾಳ, ಗುಂಡುತೋಪು, ಕೆರೆಯಂಗಳಗಳ ದಾಖಲೆಗಳನ್ನೂ ಆಕರವಾಗಿ ಒಳಗೊಳ್ಳಬೇಕಾಗಿದೆ.